ಬಿದ್ದವನ ರಕ್ಷಣೆಯು ಹೋಯಿತೋ?

ಪಾಠಕ್ಕೆ ಮುಂಚೆ ಓದತಕ್ಕ ವೇದಭಾಗಗಳು: ಲೂಕ 15ನೆಯ ಅಧ್ಯಾಯ, ಲೂಕ 22:31-34, 54-62, ಯೋಹಾನ 10:27-29, ಇಬ್ರಿಯರಿಗೆ 6:1-12.



ಕೆಂಗೇರಿಯನ್ನು ದಾಟಿ, ಮೈಸೂರು ರಸ್ತೆಯನ್ನು ಬಿಟ್ಟು ಒಳಗೆ ಹೋದರೆ ಸಿಕ್ಕುವ ಒಂದು ಚಿಕ್ಕ ಸಭೆಯಲ್ಲಿ ನಾವು ಒಂದು ಭಾನುವಾರ ಆರಾಧನೆಯನ್ನು ನಡಿಸಿ ಹೊರಗೆ ಬಂದಾಗ, ವೃದ್ಧಳಾದ ಒಬ್ಬ ತಾಯಿಯು ಹೊಂಗೆಯ ಮರದ ಕೆಳಗೆ ನಮಗಾಗಿ ಕಾದುಕೊಂಡಿದ್ದಳು. ಆಕೆಗೆ ಒಬ್ಬನೇ ಮಗನು. ಅವನು ಬಾಲ್ಯದಲ್ಲಿ ಭಾನುವಾರದ ಪಾಠಶಾಲೆಯಲ್ಲಿ ಬಹುಮಾನ ಪಡೆದವನು. ಹದಿನೇಳನೆಯ ವಯಸ್ಸಿನಲ್ಲಿ ಸಭೆಯ ಮುಂದೆ ನಿಂತು ಸ್ವಂತ ಬಾಯಿಂದ ನಂಬಿಕೆಯನ್ನು ಅರಿಕೆಮಾಡಿ ಕರ್ತನ ಭೋಜನಕ್ಕೆ ಸೇರಿದವನು. ಈಗ ರಾಜಾಜಿನಗರದ ಕಡೆ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಕೆಲಸಮಾಡುತ್ತಾ, ಕಾಮಾಕ್ಷಿಪಾಳ್ಯದಲ್ಲಿ ಬಾಡಿಗೆಯ ಮನೆಯಲ್ಲಿದ್ದಾನೆ. ಏಳು ವರುಷಗಳಿಂದ ಯಾವ ದೇವಾಲಯದ ಮೆಟ್ಟಲನ್ನೂ ಹತ್ತಿಲ್ಲ. ಮದುವೆಯ ಸಮಯದಲ್ಲಿ ಹೆಣ್ಣಿನ ಕಡೆಯವರ ಮಾತಿಗೆ ಒಪ್ಪಿ ಅವರ ಊರದೇವತೆಯ ಗುಡಿಯ ಮುಂದೆ ತೆಂಗಿನಕಾಯಿ ಒಡೆದನಂತೆ. ಮಗುವನ್ನು ಶಾಲೆಗೆ ಸೇರಿಸುವಾಗ ತನ್ನ ಮತವನ್ನು ಬಿಟ್ಟು ತನ್ನ ಅಜ್ಜನ ಜಾತಿಯ ಹೆಸರನ್ನು ಬರೆಯಿಸಿದನಂತೆ. ಇದನ್ನೆಲ್ಲಾ ಹೇಳಿ ಆ ತಾಯಿಯು, “ಅಯ್ಯನವರೇ, ನನ್ನ ಮಗನ ರಕ್ಷಣೆ ಹೋಯಿತೋ, ಇದೆಯೋ? ಒಂದೇ ಮಾತಿನಲ್ಲಿ ಹೇಳಿಬಿಡಿ” ಎಂದಳು.

ನಾವು ಒಂದೇ ಮಾತಿನಲ್ಲಿ ಹೇಳಲಾರದೆ ಹೋದೆವು. ಅಷ್ಟರಲ್ಲಿ ಬಸ್ಸು ಬಂತು. ಪ್ರಾರ್ಥಿಸುವೆವೆಂದು ಹೇಳಿ ಹತ್ತಿಬಿಟ್ಟೆವು. ದಾರಿಯುದ್ದಕ್ಕೂ ನಮಗೆ ನಾಚಿಕೆಯಾಯಿತು. ಬಸ್ಸು ಬಂದದ್ದು ನಮಗೆ ಸಂತೋಷವಾಯಿತಲ್ಲಾ ಎಂಬದೇ ಆ ನಾಚಿಕೆಗೆ ಕಾರಣ.

ಈ ಪ್ರಶ್ನೆಯು ಆಕೆಯೊಬ್ಬಳದೇ ಅಲ್ಲ. ಕುಡಿತಕ್ಕೆ ತಿರುಗಿ ಬಿದ್ದು ಅದರಲ್ಲಿಯೇ ಸತ್ತ ಸಭಿಕನ ಸಮಾಧಿಯ ಬಳಿಯಲ್ಲಿ ನಿರೀಕ್ಷೆಯ ವಾಕ್ಯಗಳನ್ನು ಓದಬಹುದೋ ಕೂಡದೋ ಎಂದು ಒಬ್ಬ ಉಪದೇಶಕರು ನಮ್ಮನ್ನು ಕೇಳಿದ್ದುಂಟು. ಮಗುವನ್ನು ಕಳಕೊಂಡ ದಿನ ದೇವರನ್ನು ಕೆಟ್ಟ ಮಾತಿನಿಂದ ಬೈದೆನೆಂದೂ, ಅಂದಿನಿಂದ ತನಗೆ ಕ್ಷಮೆಯಿಲ್ಲವೆಂಬ ಭಯದಿಂದ ರಾತ್ರಿ ನಿದ್ದೆಯಿಲ್ಲವೆಂದೂ ಒಬ್ಬ ಸಹೋದರಿಯು ಅತ್ತದ್ದುಂಟು. ಆದದರಿಂದ ಇದನ್ನು ಪಂಡಿತರ ಚರ್ಚೆಯೆಂದು ತಳ್ಳಿಬಿಡಕೂಡದು.

ನಮ್ಮ ಸೀಮೆಗೆ ಸುವಾರ್ತೆಯನ್ನು ತಂದವರು ಈ ವಿಷಯದಲ್ಲಿ ಒಂದೇ ಉಪದೇಶವನ್ನು ತರಲಿಲ್ಲವೆಂಬದನ್ನು ಅನೇಕರು ಅರಿಯರು. ಲಂಡನ್ ಮಿಶನಿನವರು 1820ರಲ್ಲಿ ಬೆಂಗಳೂರಿಗೆ ಬಂದರು. ಕೊಂಚ ಕಾಲದಲ್ಲಿಯೇ ವೆಸ್ಲಿಯನ್ ಮಿಶನಿನವರೂ ಬಂದರು. ಈ ಹೊತ್ತಿಗೂ ಮೈಸೂರು ರಸ್ತೆಯಿಂದ ಪೇಟೆಗೆ ಹೋಗುವವನು ಎರಡು ಕನ್ನಡ ದೇವಾಲಯಗಳನ್ನು ಕಾಣಬಹುದು. ಒಂದು, ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ದೇವಾಲಯ. 1837ರಲ್ಲಿ ಈ ಊರಿಗೆ ಬಂದು 1887ರಲ್ಲಿ ತೀರಿಕೊಳ್ಳುವ ವರೆಗೆ ಕನ್ನಡ ಜನರ ಮಧ್ಯದಲ್ಲಿ ಸೇವೆಮಾಡಿದ ಲಂಡನ್ ಮಿಶನಿನ ಬೆಂಜಮಿನ್ ರೈಸ್ ದೊರೆಯವರ ಹೆಸರು ಅದಕ್ಕೆ ಇಡಲ್ಪಟ್ಟಿದೆ. ಇನ್ನೊಂದು, ಕಾರ್ಪೊರೇಶನ್ ಕಚೇರಿಯ ಬಳಿ 1904ರಲ್ಲಿ ಕಟ್ಟಲ್ಪಟ್ಟ ಹಡ್ಸನ್ ಸ್ಮಾರಕ ದೇವಾಲಯ. ಇದು ವೆಸ್ಲಿಯನ್ ಮಿಶನಿನವರದು. ಒಂದರಿಂದ ಇನ್ನೊಂದಕ್ಕೆ ಕಾಲುನಡಿಗೆಯಲ್ಲಿ ಹೋಗಬಹುದು. ಆದರೆ ಆ ತಾಯಿಯು ನೂರು ವರುಷಗಳ ಹಿಂದೆ ತನ್ನ ಪ್ರಶ್ನೆಯನ್ನು ಈ ಎರಡು ಬಾಗಲುಗಳಲ್ಲಿ ಕೇಳಿದ್ದರೆ ಒಂದೇ ಉತ್ತರ ಸಿಕ್ಕುತ್ತಿರಲಿಲ್ಲ.

ಲಂಡನ್ ಮಿಶನಿನ ಹಿರಿಯರಲ್ಲಿ ಬಹುಮಂದಿ ಕಾಲ್ವಿನನ ಉಪದೇಶದಲ್ಲಿ ಬೆಳೆದವರು. ದೇವರು ಯಾರನ್ನು ನಿಜವಾಗಿ ಹೊಸದಾಗಿ ಹುಟ್ಟಿಸಿದನೋ ಅವರನ್ನು ಕಡೆಯ ತನಕ ಕಾಪಾಡುವನು. ಅವರು ಘೋರವಾಗಿ ಬೀಳಬಹುದು, ಬಿದ್ದಲ್ಲಿಯೇ ಉಳಿಯಲಾರರು. ತಿರುಗಿ ಬಾರದೆ ಹೋದವನು ಮೊದಲಿನಿಂದಲೂ ನಿಜವಾಗಿ ನಂಬಿದವನಲ್ಲ, ಎಂಬದು ಅವರ ಮಾತು. ಇದಕ್ಕೆ ಅವರು ಯೋಹಾನನ ಮೊದಲನೆಯ ಪತ್ರಿಕೆಯ 2:19ನ್ನು ತೋರಿಸುವರು. ವೆಸ್ಲಿಯವರ ಶಿಷ್ಯರಾದರೋ, ನಂಬಿಕೆಯಿಂದ ಪಡೆದದ್ದನ್ನು ನಂಬಿಕೆಯನ್ನು ತೊರೆಯುವದರಿಂದ ಕಳಕೊಳ್ಳಬಹುದು. ಹೊಸದಾಗಿ ಹುಟ್ಟಿದವನೂ ಬಿಟ್ಟುಹೋಗಿ ನಾಶವಾಗಬಹುದು. ಆದರೆ ಉಸಿರಿರುವ ತನಕ ತಿರುಗಿ ಬರುವ ದಾರಿ ಉಂಟು, ಎನ್ನುವರು. ಜಾನ್ ವೆಸ್ಲಿಯವರು ಈ ವಿಷಯವಾಗಿಯೇ 1751ರಲ್ಲಿ ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿದರು.

ಈ ಜಗಳವು ನಮ್ಮ ದೇಶಕ್ಕೆ ಬರುವ ಎಷ್ಟೋ ಮುಂಚೆ ಬೇರೆ ದೇಶಗಳಲ್ಲಿ ಸಭೆಗಳನ್ನು ಒಡೆದಿತ್ತು. ಹಾಲೆಂಡ್ ದೇಶದಲ್ಲಿ ಅರ್ಮಿನಿಯನೆಂಬ ಬೋಧಕನ ಶಿಷ್ಯರು 1610ರಲ್ಲಿ ಐದು ಅಂಶಗಳ ಅರಿಕೆಯೊಂದನ್ನು ಬರೆದುಕೊಟ್ಟರು. ಅದರ ಐದನೆಯ ಅಂಶವು ಇದೇ ಪ್ರಶ್ನೆ. ಅಲ್ಲಿ ಅವರು, ವಿಶ್ವಾಸಿಯು ಪೂರ್ಣವಾಗಿ ಬಿದ್ದುಹೋಗಬಹುದೋ ಇಲ್ಲವೋ ಎಂಬದನ್ನು ವೇದದಲ್ಲಿ ಇನ್ನೂ ಚೆನ್ನಾಗಿ ಶೋಧಿಸಿದ ಮೇಲೆಯೇ ಉಪದೇಶಿಸಬೇಕೆಂದು ಬಿಟ್ಟರು. ಮುಂದೆ ಅವರೂ ಒಂದು ಕಡೆಗೆ ವಾಲಿ, ಬೀಳಬಹುದೆಂದೇ ಹೇಳಿದರು. 1618-19ರಲ್ಲಿ ಡಾರ್ಟ್ ಪಟ್ಟಣದಲ್ಲಿ ಕೂಡಿದ ಸಭಾಸಂಘವು ಅವರನ್ನು ಖಂಡಿಸಿತು. ಆದರೆ ಮೊದಲು ಅವರು ತೋರಿಸಿದ ಸಾವಕಾಶವು ನಮಗೆ ಬಹಳ ಮೆಚ್ಚಿಕೆಯಾಗಿದೆ. ಇಂಗ್ಲೆಂಡಿನಲ್ಲಿ ವೆಸ್ಲಿಯವರೂ ಅವರ ಸ್ನೇಹಿತರಾದ ಜಾರ್ಜ್ ವೈಟ್‌ಫೀಲ್ಡರೂ ಮುಂದಾಗಿ ಆರಿಸಲ್ಪಡುವದರ ವಿಷಯವಾಗಿ, ಅದರ ಸಂಗಡ ಈ ವಿಷಯವಾಗಿಯೂ, ಭೇದಬಿದ್ದು 1741ರಲ್ಲಿ ಬೇರೆಯಾದರು. ಆದರೂ 1770ರಲ್ಲಿ ವೈಟ್‌ಫೀಲ್ಡರು ತೀರಿಕೊಂಡಾಗ, ಅವರ ಇಷ್ಟದ ಮೇರೆಗೆ ಲಂಡನಿನಲ್ಲಿ ಅವರ ಮರಣದ ಪ್ರಸಂಗವನ್ನು ಮಾಡಿದವರು ವೆಸ್ಲಿಯವರೇ. ಒಬ್ಬನು ಬೀಳಬಹುದೆಂದು ಕಡೆಯ ತನಕ ಉಪದೇಶಿಸಿದವರು, ಬೀಳಲಾರರೆಂದು ಕಡೆಯ ತನಕ ಉಪದೇಶಿಸಿದವರ ಹೆಸರನ್ನು ಗೌರವದಿಂದ ಎತ್ತಿ ಹೇಳಿದರು.

1947ರ ಸೆಪ್ಟೆಂಬರ್ 27ರಲ್ಲಿ ದಕ್ಷಿಣ ಇಂಡಿಯಾ ಸಭೆಯು ಸ್ಥಾಪಿತವಾದಾಗ ಹಳೇ ಮೈಸೂರಿನ ಈ ಎರಡು ಮಿಶನುಗಳ ಸಭೆಗಳು ಒಂದಾದವು. ಹಾಗೆ ಒಂದಾಗುವಾಗ ನೀವು ನಿಮ್ಮ ಉತ್ತರವನ್ನು ಬಿಡಿರಿ ಎಂದು ಯಾರನ್ನೂ ಬಲವಂತಮಾಡಲಿಲ್ಲ. ಆದದರಿಂದಲೇ ನಮ್ಮ ಒಂದೇ ಮನೆಯಲ್ಲಿ ಅಜ್ಜನು ಕೇಳಿ ಬೆಳೆದ ಉಪದೇಶ ಒಂದು, ಬೇರೆ ಊರಿನಿಂದ ಬಂದ ಸೊಸೆಯದು ಇನ್ನೊಂದು. ಇದರ ಮೇಲೆ ಈಗ ಪಟ್ಟಣದ ಕೂಟಗಳಿಂದಲೂ ಕೈಯಲ್ಲಿರುವ ಫೋನಿನಿಂದಲೂ ಎರಡು ಹೊಸ ಮಾತುಗಳು ಹಳ್ಳಿಗೆ ಬರುತ್ತಿವೆ. ಒಮ್ಮೆ ಕೈಯೆತ್ತಿ ಪ್ರಾರ್ಥಿಸಿದರೆ ಆಯಿತು, ಆಮೇಲೆ ಹೇಗೆ ಬದುಕಿದರೂ ರಕ್ಷಣೆಗೆ ಕೇಡಿಲ್ಲ ಎಂಬದು ಒಂದು. ಒಂದು ಪಾಪಕ್ಕೆ ಎಲ್ಲಾ ಹೋಯಿತು, ತಿರುಗಿ ದೀಕ್ಷಾಸ್ನಾನ ಮಾಡಿಸಿಕೊಳ್ಳಬೇಕು ಎಂಬದು ಇನ್ನೊಂದು. ಮೊದಲನೆಯದನ್ನು ಲಂಡನ್ ಮಿಶನಿನ ಹಿರಿಯರು ಕೇಳಿದ್ದರೆ ಕಿವಿಮುಚ್ಚಿಕೊಳ್ಳುತ್ತಿದ್ದರು. ದೇವರು ಕಾಪಾಡುವನೆಂದು ಹೇಳಿದವರು, ಆತನು ಪರಿಶುದ್ಧತೆಯಲ್ಲಿ ನಡಿಸುತ್ತಾ ಕಾಪಾಡುವನೆಂದೇ ಹೇಳಿದರು. ಎರಡನೆಯದನ್ನು ವೆಸ್ಲಿಯವರೂ ಒಪ್ಪುತ್ತಿರಲಿಲ್ಲ.

ಹಾಗಾದರೆ ವೇದವು ಏನು ಹೇಳುತ್ತದೆ? ಯೋಹಾನ 10ರಲ್ಲಿ ಕರ್ತನು ತನ್ನ ಕುರಿಗಳನ್ನು ಯಾರೂ ತನ್ನ ಕೈಯಿಂದ ಕಸಕೊಳ್ಳಲಾರರೆಂದು ಮಾತುಕೊಡುತ್ತಾನೆ. ರೋಮಾಪುರದವರಿಗೆ 8ರ ಕಡೆಯಲ್ಲಿ ಪೌಲನು ಮರಣವನ್ನೂ ಜೀವವನ್ನೂ ದೂತರನ್ನೂ ಸಾಲಾಗಿ ನಿಲ್ಲಿಸಿ, ಇವುಗಳಲ್ಲಿ ಯಾವದೂ ನಮ್ಮನ್ನು ದೇವರ ಪ್ರೀತಿಯಿಂದ ಅಗಲಿಸಲಾರದೆನ್ನುತ್ತಾನೆ. ಆದರೆ ಅದೇ ಪೌಲನು, ಇತರರಿಗೆ ಸಾರಿದ ತಾನೇ ಅಯೋಗ್ಯನಾಗಬಾರದೆಂದು ತನ್ನ ದೇಹವನ್ನು ಸ್ವಾಧೀನಕ್ಕೆ ತರುವೆನೆಂದು ಬರೆಯುತ್ತಾನೆ (1 ಕೊರಿಂಥದವರಿಗೆ 9:27). ದ್ರಾಕ್ಷೇಬಳ್ಳಿಯಲ್ಲಿ ನೆಲೆಗೊಳ್ಳದ ಕೊಂಬೆಯು ಬಿಸಾಡಲ್ಪಟ್ಟು ಒಣಗುವದೆಂದು ಕರ್ತನೇ ಹೇಳಿದ್ದಾನೆ (ಯೋಹಾನ 15:6). ಇಬ್ರಿಯರಿಗೆ 6 ಮತ್ತು 10ನೆಯ ಅಧ್ಯಾಯಗಳ ಎಚ್ಚರಿಕೆಗಳಂತೂ ಓದುವವನ ಎದೆಯನ್ನು ನಡುಗಿಸುತ್ತವೆ. ಮೊದಲಿನ ಮಾತುಗಳನ್ನು ಹಿಡಿದವರು ಎರಡನೆಯವುಗಳನ್ನು ತಿರುಚುವದೂ, ಎರಡನೆಯವುಗಳನ್ನು ಹಿಡಿದವರು ಮೊದಲಿನವುಗಳನ್ನು ಸಣ್ಣದು ಮಾಡುವದೂ ನಾವು ಬಹಳ ಸಲ ನೋಡಿರುವ ಕೆಲಸ. ಪವಿತ್ರಾತ್ಮನು ಎರಡನ್ನೂ ಬರೆಯಿಸಿದನಲ್ಲವೇ? ಎರಡೂ ಯಾರಿಗೆ ಬರೆಯಲ್ಪಟ್ಟವು ಎಂದು ನೋಡಬೇಕು.

ಇಬ್ರಿಯರ ಪತ್ರಿಕೆಯನ್ನೇ ತೆಗೆದುಕೊಳ್ಳಿರಿ. ಅದನ್ನು ಮೊದಲು ಓದಿದವರು ನಮ್ಮಂಥ ಜನರೇ. ಅವರು ಹಳೇ ಮತದಿಂದ ಬಂದವರು. ಅದಕ್ಕಾಗಿ ನಿಂದೆಯನ್ನೂ ಸೊತ್ತಿನ ನಷ್ಟವನ್ನೂ ಅನುಭವಿಸಿದವರು. ಬಂಧುಬಳಗದವರೆಲ್ಲಾ ಹಳೇ ಬಲಿಪೀಠದ ಬಳಿಯಲ್ಲಿ ಇರುವಾಗ ತಾವು ಮಾತ್ರ ಹೊರಗೆ ನಿಂತು ದಣಿದವರು. ಅವರಲ್ಲಿ ಕೆಲವರು ಕೂಟಕ್ಕೆ ಬರುವದನ್ನು ಬಿಟ್ಟಿದ್ದರು. ಕ್ರಿಸ್ತನೂ ಇರಲಿ, ಇಲ್ಲದಿದ್ದರೂ ನಡೆಯುತ್ತದೆ, ಎಂದು ಒಂದು ಕಾಲನ್ನು ಹೊರಗೆ ಇಟ್ಟವರಿಗೆ ಲೇಖಕನು ಆ ಕಠಿಣವಾದ ಮಾತನ್ನು ಹೇಳುತ್ತಾನೆ. ಮಳೆಯನ್ನು ಕುಡಿದ ಭೂಮಿಯ ಸಾಮ್ಯವನ್ನು ಅವನು ತರುವದನ್ನು ಗಮನಿಸಿರಿ. ನಮ್ಮ ಕೆಮ್ಮಣ್ಣಿನ ಹೊಲಗಳಲ್ಲಿ ಒಂದೇ ಮಳೆಯು ಬಿದ್ದು ಒಂದು ಹೊಲದಲ್ಲಿ ರಾಗಿಯೂ ಪಕ್ಕದ ಹೊಲದಲ್ಲಿ ಮುಳ್ಳೂ ಬೆಳೆಯುವದನ್ನು ನಾವು ಕಾಣುತ್ತೇವೆ. ಮಳೆಯು ಬೀಳಲಿಲ್ಲವೆಂದು ಮುಳ್ಳಿನ ಹೊಲದವನು ಹೇಳಲಾರನು. ಇಷ್ಟು ಹೇಳಿದ ಮೇಲೆ, 9ನೆಯ ವಚನದಲ್ಲಿ ಅವನ ಧ್ವನಿಯು ಹಟಾತ್ತಾಗಿ ಮೃದುವಾಗುತ್ತದೆ: ಅವರನ್ನು ಪ್ರಿಯರೆಂದು ಕರೆದು, ಅವರ ವಿಷಯದಲ್ಲಿ ಇದಕ್ಕಿಂತ ಉತ್ತಮವಾದದ್ದನ್ನೇ ನಂಬಿದ್ದೇನೆಂದು ಹೇಳುತ್ತಾನೆ. ಬಾವಿಯ ಅಂಚಿನಲ್ಲಿ ಆಡುವ ಮಗುವಿಗೆ ತಾಯಿಯು ಬಿದ್ದರೆ ಸತ್ತೇಹೋಗುವೆ ಎಂದು ಕೂಗುತ್ತಾಳೆ. ಅದು ಸುಳ್ಳು ಬೆದರಿಕೆಯಲ್ಲ. ಬಾವಿಯು ನಿಜವಾಗಿ ಆಳವಾಗಿದೆ. ಆದರೆ ಆಕೆ ಕೂಗುವದು ಮಗುವು ಬೀಳಲೆಂದಲ್ಲ. ಬಾವಿಗೆ ಬಿದ್ದು ಕಲ್ಲನ್ನು ಹಿಡಿದುಕೊಂಡು ಅಮ್ಮಾ ಎಂದು ಅಳುವ ಮಗುವಿನ ಮುಂದೆ ನಿಂತು ಅದೇ ಮಾತನ್ನು ಹೇಳುವ ತಾಯಿಯುಂಟೇ? ನಾವು ಆ ಅಧ್ಯಾಯವನ್ನು ಅಳುವವರಿಗೆ ಓದಿ, ನಗುವವರಿಗೆ ಯೋಹಾನ 10ನ್ನು ಓದುತ್ತೇವೆ. ಇದು ಮದ್ದಿನ ಸೀಸೆಗಳನ್ನು ಅದಲುಬದಲು ಮಾಡಿ ಕೊಡುವ ಹಾಗಿದೆ.

ತನ್ನ ಮಗು ಸತ್ತ ದಿನ ದೇವರನ್ನು ಬೈದೆನೆಂದು ಅತ್ತ ಸಹೋದರಿಗೆ ನಾವು ಹೇಳಿದ್ದು ಇಷ್ಟೇ: ತಾಯೀ, ಯೋಬನೂ ಯೆರೆಮೀಯನೂ ದೇವರ ಸಂಗಡ ಹೀಗೆಯೇ ಮಾತಾಡಿದರು, ಅವರ ಮಾತುಗಳನ್ನು ಆತನು ತನ್ನ ಪುಸ್ತಕದಲ್ಲಿಯೇ ಇರಿಸಿಕೊಂಡಿದ್ದಾನೆ. ಬಿಟ್ಟುಹೋದವಳು ಬಿಟ್ಟುಹೋದೆನೆಂದು ನಿದ್ದೆಗೆಡುವದಿಲ್ಲ.

ಈಗ ಪೇತ್ರನನ್ನು ನೋಡೋಣ. ಒಂದೇ ರಾತ್ರಿಯಲ್ಲಿ ಇಬ್ಬರು ಶಿಷ್ಯರು ಬಿದ್ದರು. ಒಬ್ಬನು ಹಣಕ್ಕೆ ಒಪ್ಪಿಸಿಕೊಟ್ಟನು, ಒಬ್ಬನು ಭಯದಿಂದ ಅರಿಯೆನೆಂದನು. ಪೇತ್ರನ ಪಾಪವು ಚಿಕ್ಕದೆಂದು ಹೇಳುವವರು ಮತ್ತಾಯ 26:74ನ್ನು ಓದಲಿ. ಅವನು ಶಪಿಸಿಕೊಂಡು ಆಣೆಯಿಟ್ಟನು. ಆದರೆ ಅವನು ಬೀಳುವ ಮುಂಚೆಯೇ ಕರ್ತನು ಅವನ ನಂಬಿಕೆಯು ಕುಂದದಂತೆ ಪ್ರಾರ್ಥಿಸಿದ್ದನು, ಅವನು ತಿರುಗಿಬಂದ ಮೇಲೆ ಮಾಡತಕ್ಕ ಕೆಲಸವನ್ನೂ ಹೇಳಿಟ್ಟಿದ್ದನು. ಬಿದ್ದ ಮೇಲೆ ಕರ್ತನು ತಿರುಗಿಕೊಂಡು ಅವನನ್ನು ನೋಡಿದನೆಂದು ಲೂಕನು ಬರೆಯುತ್ತಾನೆ. ಪೇತ್ರನು ಹೊರಗೆ ಹೋಗಿ ಅತ್ತದ್ದು ಆ ನೋಟದ ತರುವಾಯ. ಯೂದನೂ ಪಶ್ಚಾತ್ತಾಪಪಟ್ಟನು, ಹಣವನ್ನೂ ಹಿಂದಕ್ಕೆ ಕೊಟ್ಟನು. ಆದರೆ ಆ ದುಃಖವನ್ನು ಹೊತ್ತುಕೊಂಡು ಯಾಜಕರ ಬಳಿಗೆ ಹೋದನು, ಕರ್ತನ ಬಳಿಗೆ ಹೋಗಲಿಲ್ಲ.

ಬಿದ್ದವರನ್ನು ಏನು ಮಾಡಬೇಕೆಂಬ ಪ್ರಶ್ನೆಯು ಸಭೆಗೆ ಮೊದಲು ದೊಡ್ಡದಾಗಿ ಬಂದದ್ದು ಒಂದು ಕಾಗದದ ಮೂಲಕ. ಮಗನ ಶಾಲೆಯ ಕಾಗದದ ವಿಷಯವಾಗಿ ದುಃಖಿಸುವ ಆ ತಾಯಿಗೆ ಇದನ್ನು ಹೇಳಬೇಕೆಂದು ನಮಗೆ ತೋರಿತು. 250ನೆಯ ಇಸವಿಯಲ್ಲಿ ರೋಮಾಪುರದ ಚಕ್ರವರ್ತಿಯಾದ ದೆಕಿಯನು ತನ್ನ ರಾಜ್ಯದವರೆಲ್ಲರೂ ದೇವತೆಗಳಿಗೆ ಬಲಿಯರ್ಪಿಸಿ, ಅರ್ಪಿಸಿದ್ದಕ್ಕೆ ಅಧಿಕಾರಿಗಳಿಂದ ಪತ್ರವನ್ನು ಪಡೆಯಬೇಕೆಂದು ಆಜ್ಞಾಪಿಸಿದನು. ಅಂಥ ಪತ್ರಗಳು ನಲವತ್ತಕ್ಕಿಂತ ಹೆಚ್ಚು ಐಗುಪ್ತದ ಮರಳಿನಲ್ಲಿ ಸಿಕ್ಕಿವೆ. ಅನೇಕ ಕ್ರೈಸ್ತರು ಸೆರೆಗೂ ಮರಣಕ್ಕೂ ಹೋದರು. ಅನೇಕರು ಬಲಿಯರ್ಪಿಸಿದರು. ಮತ್ತೆ ಕೆಲವರು ಬಲಿಯನ್ನು ಅರ್ಪಿಸದೆ ಅಧಿಕಾರಿಗೆ ಲಂಚಕೊಟ್ಟು ಪತ್ರವನ್ನು ಮಾತ್ರ ಕೊಂಡುಕೊಂಡರು. ಹಿಂಸೆಯು ತಗ್ಗಿದಾಗ ಇವರೆಲ್ಲರೂ ದೇವಾಲಯದ ಬಾಗಲಿಗೆ ಬಂದು ಅಳುತ್ತಾ ನಿಂತರು. ರೋಮಾಪುರದಲ್ಲಿ ನೊವಾತಿಯನೆಂಬವನು, ಇವರಿಗೆ ಸಭೆಯು ಕ್ಷಮೆಯನ್ನು ಕೊಡಲಾರದೆಂದು ಹೇಳಿ ಶುದ್ಧರ ಸಭೆಯನ್ನು ಬೇರೆ ಕಟ್ಟಿದನು. ಕಾರ್ಥೇಜಿನ ಸಭಾಧ್ಯಕ್ಷನಾದ ಸಿಪ್ರಿಯಾನನು 251ರಲ್ಲಿ ಹಿರಿಯರನ್ನು ಕೂಡಿಸಿದನು. ಪತ್ರವನ್ನು ಮಾತ್ರ ಕೊಂಡವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಳ್ಳಬೇಕು, ಬಲಿಯರ್ಪಿಸಿದವರು ಬಹುಕಾಲ ಪಶ್ಚಾತ್ತಾಪದಲ್ಲಿ ಕಾದಿದ್ದು ಮರಣಕಾಲದಲ್ಲಿ ಸಮಾಧಾನವನ್ನು ಹೊಂದಬೇಕು, ಎಂದು ಗೊತ್ತುಮಾಡಿದರು. ಒಂದೆರಡು ವರುಷಗಳಲ್ಲಿ ಇನ್ನೊಂದು ಹಿಂಸೆಯ ಸೂಚನೆಯು ಕಂಡಾಗ, ಪಶ್ಚಾತ್ತಾಪದಲ್ಲಿದ್ದವರೆಲ್ಲರನ್ನೂ ಒಳಗೆ ಕರೆದರು. ಬರುವ ಯುದ್ಧಕ್ಕೆ ಆ ದುರ್ಬಲರಿಗೆ ಕರ್ತನ ಭೋಜನದ ಬಲವು ಎಲ್ಲರಿಗಿಂತ ಹೆಚ್ಚಾಗಿ ಬೇಕೆಂದು ಎಣಿಸಿದರು.

ನಮ್ಮ ನಾಡಿನಲ್ಲಿಯೂ ಇಂಥದು ನಡೆಯಿತು. ಕೆಂಗೇರಿಯ ಮೂಲಕ ಹೋಗುವ ಇದೇ ಮೈಸೂರು ರಸ್ತೆಯಲ್ಲಿ ಮುಂದೆ ಶ್ರೀರಂಗಪಟ್ಟಣ ಸಿಕ್ಕುತ್ತದಷ್ಟೆ. 1784ರಲ್ಲಿ ಟಿಪ್ಪು ಸುಲ್ತಾನನು, ಇಂಗ್ಲಿಷರಿಗೆ ಸಹಾಯಮಾಡಿದರೆಂಬ ಸಂಶಯದಿಂದ, ಮಂಗಳೂರು ಸೀಮೆಯ ರೋಮನ್ ಕಥೋಲಿಕ ಕ್ರೈಸ್ತರನ್ನು ಸೆರೆಹಿಡಿಸಿ ಘಟ್ಟವನ್ನು ಹತ್ತಿಸಿ ಅಲ್ಲಿಗೆ ತರಿಸಿದನು. ಎಷ್ಟು ಮಂದಿಯೆಂಬದರಲ್ಲಿ ಚರಿತ್ರೆ ಬರೆದವರು ಒಪ್ಪುವದಿಲ್ಲ. ಅವರಲ್ಲಿ ಅನೇಕರು ಬಲವಂತದಿಂದ ಮತವನ್ನು ಬದಲಾಯಿಸಬೇಕಾಯಿತು. 1799ರಲ್ಲಿ ಪಟ್ಟಣವು ಬಿದ್ದ ಮೇಲೆ ಫ್ರಾನ್ಸ್ ದೇಶದ ಪಾದ್ರಿಯಾದ ದುಬ್ವಾ ಎಂಬವನು ಅಲ್ಲಿಗೆ ಹೋಗಿ, ಚದರಿದ ಮಂದೆಯನ್ನು ಕೂಡಿಸಿದನು. ಆ ದಿವಸಗಳಲ್ಲಿ ಎದುರುನಿಂತು ಸಾಕ್ಷಿಹೇಳುವ ಧೈರ್ಯವು ಅವರಲ್ಲಿ ಇರಲಿಲ್ಲವೆಂದು ಅವನು 1823ರಲ್ಲಿ ಪ್ರಕಟವಾದ ತನ್ನ ಪತ್ರಗಳಲ್ಲಿ ಕಹಿಯಾಗಿ ಬರೆದಿದ್ದಾನೆ. ಆದರೂ, ಹೊರಗೆ ಮಾತ್ರ ಬಿಟ್ಟೆವು, ಹೃದಯದಲ್ಲಿ ಕ್ರಿಸ್ತನನ್ನು ಬಿಡಲಿಲ್ಲ ಎಂದು ಹೇಳಿಕೊಂಡು ಬಂದವರನ್ನು ಅವನು ತಳ್ಳಲಿಲ್ಲ. ಘಟ್ಟದ ಕೆಳಗೆ ಹಿಂದಿರುಗಿದವರು ತಮ್ಮ ದೇವಾಲಯಗಳನ್ನು ತಿರುಗಿ ಕಟ್ಟಿದರು. ಇದನ್ನು ನಮ್ಮ ಮುಸಲ್ಮಾನ ನೆರೆಯವರ ಮೇಲೆ ಮನಸ್ಸು ಕೆಡಿಸುವದಕ್ಕಾಗಿ ಹೇಳುವದಿಲ್ಲ. ಕ್ರೈಸ್ತ ಅರಸರೂ ಬೇರೆ ದೇಶಗಳಲ್ಲಿ ಇಂಥ ಬಲಾತ್ಕಾರವನ್ನು ಮಾಡಿದ್ದಾರೆ. ಹದಿನೈದು ವರುಷ ಬೇರೆ ಹೆಸರಿನಿಂದ ಕರೆಯಲ್ಪಟ್ಟವರನ್ನು ಕರ್ತನು ತನ್ನ ಲೆಕ್ಕದಿಂದ ಅಳಿಸಲಿಲ್ಲವೆಂದು ತೋರಿಸುವದಕ್ಕಾಗಿ ಹೇಳಿದೆವು.

ನಮ್ಮ ಕಾಲದ ಬಲವಂತದಲ್ಲಿ ಕತ್ತಿಯಿಲ್ಲ. ಪರಿಶಿಷ್ಟ ಜಾತಿಗಳ ವಿಷಯವಾದ 1950ರ ರಾಷ್ಟ್ರಪತಿಯ ಆಜ್ಞೆಯು ಆ ಪಟ್ಟಿಯನ್ನು ಹಿಂದೂಗಳಿಗೆ ಮಾತ್ರ ಎಂದಿತು; 1956ರಲ್ಲಿ ಸಿಖ್ಖರೂ 1990ರಲ್ಲಿ ಬೌದ್ಧರೂ ಸೇರಿಸಲ್ಪಟ್ಟರು, ಕ್ರೈಸ್ತರು ಸೇರಿಸಲ್ಪಡಲಿಲ್ಲ. ಊರಿನಲ್ಲಿ ಅದೇ ಕೇರಿ, ಅದೇ ಅವಮಾನ. ಆದರೆ ಕ್ರೈಸ್ತನೆಂದು ಬರೆಯಿಸಿದ ದಿನ ಆ ಪಟ್ಟಿಯ ವಿದ್ಯಾರ್ಥಿವೇತನವೂ ಉದ್ಯೋಗದ ಪಾಲೂ ಇಲ್ಲ. ಆದದರಿಂದ ನಮ್ಮ ಎಷ್ಟೋ ಮನೆಗಳಲ್ಲಿ ಸಭೆಯ ಪುಸ್ತಕದಲ್ಲಿ ಒಂದು ಹೆಸರು, ಶಾಲೆಯ ಪುಸ್ತಕದಲ್ಲಿ ಇನ್ನೊಂದು. ಸುಳ್ಳನ್ನು ನಾವು ಸರಿಯೆನ್ನಲಾರೆವು. ಅದು ಮನಸ್ಸಾಕ್ಷಿಯಲ್ಲಿ ಮುಳ್ಳಿನಂತೆ ಇದ್ದು, ತರುವಾಯ ಕರ್ತನ ಮುಖವನ್ನು ನೋಡುವದಕ್ಕೇ ನಾಚುವಂತೆ ಮಾಡುತ್ತದೆ. ಆದರೆ ಆ ಕಾಗದದಿಂದಲೇ ಒಬ್ಬನ ರಕ್ಷಣೆಯು ಹೋಯಿತೆಂದು ತೀರ್ಪುಕೊಡುವವರು ಯಾರು? ಸಭೆಯ ಸಂಬಳದಲ್ಲಿ ಬದುಕಿ, ಸಭೆಯ ಶಾಲೆಯಲ್ಲಿ ಮಕ್ಕಳನ್ನು ಓದಿಸುವ ನಮ್ಮಂಥವರು ಅದನ್ನು ಗಟ್ಟಿಯಾಗಿ ಹೇಳುವ ಮುಂಚೆ ಎರಡು ಸಲ ಯೋಚಿಸಬೇಕು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರಲ್ಲಿ ಅನೇಕರು ಲೂಥರನ ಸಭೆಗಳಿಂದ ಬಂದವರು. ಆ ಸಭೆಗಳು 1530ರ ಔಗ್ಸ್‌ಬರ್ಗಿನ ಅರಿಕೆಯನ್ನು ಹಿಡಿದವುಗಳು. ಅದರ ಹನ್ನೆರಡನೆಯ ಅಂಶವು ಒಂದೇ ಉಸುರಿನಲ್ಲಿ ಎರಡು ಪಕ್ಷಗಳನ್ನು ತಳ್ಳಿಬಿಡುತ್ತದೆ. ಒಮ್ಮೆ ನೀತಿವಂತರಾದವರು ಪವಿತ್ರಾತ್ಮನನ್ನು ಕಳಕೊಳ್ಳಲಾರರೆಂದು ಹೇಳುವವರು ಒಂದು ಪಕ್ಷ; ದೀಕ್ಷಾಸ್ನಾನದ ತರುವಾಯ ಬಿದ್ದು ತಿರುಗಿ ಬಂದವರಿಗೆ ಕ್ಷಮೆಯಿಲ್ಲವೆಂದು ಹೇಳುವ ನೊವಾತಿಯನವರು ಇನ್ನೊಂದು ಪಕ್ಷ.

ನಮ್ಮ ಸ್ವಂತ ಅಭಿಪ್ರಾಯವನ್ನು ಕೇಳುವವರಿಗೆ ಮರೆಮಾಡದೆ ಹೇಳುವೆವು. ಕಳಕೊಳ್ಳುವದು ಎಂಬ ಮಾತೇ ನಮ್ಮನ್ನು ದಾರಿತಪ್ಪಿಸುತ್ತದೆ. ಸಂತೆಯಲ್ಲಿ ಸೆರಗಿನ ಗಂಟು ಬಿಚ್ಚಿ ದುಡ್ಡು ಬಿದ್ದುಹೋಗುವಂತೆ ರಕ್ಷಣೆಯು ಬಿದ್ದುಹೋಗುವದಿಲ್ಲ. ಅದು ನಮ್ಮ ಗಂಟಿನಲ್ಲಿ ಇಲ್ಲ, ಆತನ ಕೈಯಲ್ಲಿದೆ. ಆದರೆ ಆತನ ಕೈಯು ಎತ್ತಿಗೆ ಹಾಕಿದ ಹಗ್ಗವೂ ಅಲ್ಲ. ಲೂಕ 15ರ ತಂದೆಯು ಹೋಗುತ್ತೇನೆಂದ ಮಗನ ಕಾಲಿಗೆ ಬೇಡಿಯನ್ನು ಹಾಕಲಿಲ್ಲ. ದೂರದೇಶದಲ್ಲಿ ಹಂದಿಗಳ ಮಧ್ಯದಲ್ಲಿಯೂ ಅವನು ಆ ತಂದೆಯ ಮಗನೇ. ಆದರೆ ಅಲ್ಲಿಯೇ ಸತ್ತಿದ್ದರೆ ಹಬ್ಬದ ಊಟವನ್ನು ಉಣ್ಣುತ್ತಿರಲಿಲ್ಲ. ಹೀಗೆ ಲಂಡನ್ ಮಿಶನಿನ ಹಿರಿಯರು ತಂದೆಯ ಮನಸ್ಸನ್ನು ನೋಡಿ ಹೇಳಿದರು, ವೆಸ್ಲಿಯನ್ ಹಿರಿಯರು ಮಗನ ಕಾಲುಗಳನ್ನು ನೋಡಿ ಹೇಳಿದರು. ನಾವು ವೆಸ್ಲಿಯನ್ ಮನೆಯಲ್ಲಿ ಬೆಳೆದವರಾದದರಿಂದ ಮಗನ ಕಾಲುಗಳ ವಿಷಯದಲ್ಲಿ ನಮಗೆ ಭಯವು ಹೆಚ್ಚು. ಆ ಭಯವನ್ನು ನಮ್ಮ ವಿಷಯದಲ್ಲಿ ಇಟ್ಟುಕೊಂಡು, ಇತರರ ವಿಷಯದಲ್ಲಿ ತಂದೆಯ ಮನಸ್ಸನ್ನು ನೆನಸುವದಕ್ಕೆ ವಯಸ್ಸಾದ ಮೇಲೆ ಕಲಿತೆವು.

ಸಭಾಪಟ್ಟಿಯ ವಿಷಯವಾಗಿ ಒಂದು ಮಾತು. ಕೆಲವು ಸಭೆಗಳಲ್ಲಿ ಚಂದಾ ಕೊಡದೆ, ಕೂಟಕ್ಕೆ ಬಾರದೆ ಇದ್ದವರ ಹೆಸರನ್ನು ಕೆಂಪು ಗೆರೆ ಎಳೆದು ಹೊಡೆದುಹಾಕುತ್ತಾರೆ. ಶಿಸ್ತು ಬೇಕು, ಕೊರಿಂಥದ ಸಭೆಯಲ್ಲಿ ದುರ್ನಡತೆಯವನನ್ನು ಹೊರಗೆ ಹಾಕಬೇಕೆಂದು ಪೌಲನೇ ಬರೆದನು. ಆದರೆ ಶಿಕ್ಷೆ ಹೊಂದಿ ದುಃಖದಲ್ಲಿ ಮುಳುಗುವವನನ್ನು ಕ್ಷಮಿಸಿ ಸಂತೈಸಿರೆಂದು ಬೇಡಿದವನೂ ಅವನೇ (2 ಕೊರಿಂಥದವರಿಗೆ 2:5-8). ಮೊದಲನೆಯ ಪತ್ರವನ್ನು ಮಾತ್ರ ಓದುವ ಹಿರಿಯರು ನಮ್ಮಲ್ಲಿ ಬಹಳ. ಕುಡಿದು ಸತ್ತವನ ಸಮಾಧಿಯ ವಿಷಯವಾಗಿ ಕೇಳಿದ ಉಪದೇಶಕರಿಗೂ, ನಿರೀಕ್ಷೆಯ ವಾಕ್ಯಗಳನ್ನು ಓದಿರಿ, ಅವು ಸತ್ತವನ ಯೋಗ್ಯತೆಯ ಮೇಲೆ ಬರೆದವುಗಳಲ್ಲ, ಎಂದೇ ಉತ್ತರಕೊಟ್ಟೆವು.

ಮುಂದಿನ ತಿಂಗಳು ನಾವು ತಿರುಗಿ ಆ ಸಭೆಗೆ ಹೋಗಿ ಆ ತಾಯಿಯ ಮನೆಯಲ್ಲಿ ಕೂತೆವು. ಮೇಲೆ ಬರೆದದ್ದರಲ್ಲಿ ಆಕೆಗೆ ಬೇಕಾದಷ್ಟನ್ನು ಹೇಳಿದೆವು. ಆಕೆ ಪೇತ್ರನ ಸಂಗತಿಯನ್ನು ಎರಡನೆಯ ಸಲ ಹೇಳಿಸಿಕೊಂಡಳು. ಆಮೇಲೆ, “ಹಾಗಾದರೆ ಅವನನ್ನು ಯಾರು ತಿರುಗಿ ನೋಡಬೇಕು, ಅಯ್ಯನವರೇ?” ಎಂದಳು. ಇದಕ್ಕೆ ಮಾತ್ರ ನಾವು ಒಂದೇ ಮಾತಿನಲ್ಲಿ ಉತ್ತರಕೊಡಬಹುದಾಗಿತ್ತು.

ಮರುವಾರ ಆಕೆಯನ್ನು ಕರಕೊಂಡು ಕೆಂಗೇರಿಯಲ್ಲಿ ಮೆಟ್ರೋ ಹತ್ತಿ ವಿಜಯನಗರದಲ್ಲಿ ಇಳಿದು, ಅಲ್ಲಿಂದ ಆಟೋದಲ್ಲಿ ಕಾಮಾಕ್ಷಿಪಾಳ್ಯಕ್ಕೆ ಹೋದೆವು. ಮಗನು ನಮ್ಮನ್ನು ಕಂಡು ಬೆಚ್ಚಿದನು. ಕುರ್ಚಿಯನ್ನು ಹಾಕಿ ತಾನು ನಿಂತೇ ಇದ್ದನು. ಅವನ ಹೆಂಡತಿಯು ಕಾಫಿ ತಂದಳು, ನಡತೆಯಲ್ಲಿ ಬಹಳ ಒಳ್ಳೆಯವಳು. ತಾಯಿಯು ಗುಡಿಯ ಮಾತನ್ನೂ ಶಾಲೆಯ ಮಾತನ್ನೂ ಎತ್ತಲಿಲ್ಲ; ಹೊಲದಿಂದ ತಂದ ಅವರೆಕಾಯಿಯನ್ನು ಕೊಟ್ಟು ಮೊಮ್ಮಗನನ್ನು ಮಡಿಲಲ್ಲಿ ಕೂಡಿಸಿಕೊಂಡಳು. ನಾವೂ ಪ್ರಸಂಗಮಾಡಲಿಲ್ಲ. ಪ್ರಾರ್ಥಿಸೋಣವೇ ಎಂದು ಕೇಳಿದಾಗ ಅವನು ಬೇಡವೆನ್ನಲಿಲ್ಲ, ಕಣ್ಣುಮುಚ್ಚಲೂ ಇಲ್ಲ. ನಮ್ಮನ್ನು ಆಟೋದ ತನಕ ಕಳುಹಿಸಲು ಬಂದವನು ಬೀದಿಯಲ್ಲಿ ನಿಂತು ಬೇರೆ ಕಡೆಗೆ ನೋಡುತ್ತಾ, “ಅಯ್ಯನವರೇ, ಊರಿನ ಸಭಾಪಟ್ಟಿಯಲ್ಲಿ ನನ್ನ ಹೆಸರು ಇನ್ನೂ ಇದೆಯೋ?” ಎಂದು ಕೇಳಿದನು.

ಇದೆಯೆಂದು ಹೇಳಿದೆವು.